ಪಿನ್‌ಕೋಡ್ ಒಡೆಯೋದು ಹೇಗೆ? ಒಂದು ಪೆನ್ನು, ಕ್ಯಾಲೆಂಡರ್ ಹಾಳೆ ಸಾಕು

ಶಿವಮೊಗ್ಗದಲ್ಲಿ ಮಳೆ ಹಿಡ್ಕೊಂಡ್ರೆ ಕರೆಂಟ್ ಹೋಗೋದು ಗ್ಯಾರಂಟಿ. ಅಂಥ ಒಂದು ಸಂಜೆ ಅಕ್ಕನ ಮಗಳು ಕವರ್ ಮೇಲೆ ವಿಳಾಸ ಬರೀತಾ ಬರೀತಾ 577201 ಹತ್ರ ನಿಂತು, "ಮಾವ, ಇದು ಅವಿಭಾಜ್ಯ ಸಂಖ್ಯೆನಾ?" ಅಂದ್ಲು. ನೋಡಿದ್ರೆ ಹಂಗೇ ಕಾಣುತ್ತೆ, ಹೌದು ಅಂದ್ಬಿಟ್ಟೆ, ಮಸಾಲೆ ಮಂಡಕ್ಕಿ ಬೆಟ್ಟೂ ಕಟ್ಟಿದೆ.

ಮೊದ್ಲು ಎಲ್ಲಿವರೆಗೆ ಹುಡುಕ್ಬೇಕು ಅಂತ ನೋಡ್ಕೊಳ್ಳಿ. 760×760 ಅಂದ್ರೆ 577600, ನಮ್ಮ ಸಂಖ್ಯೆ ದಾಟ್ತು, ಹಾಗಾಗಿ ಒಡೆಯೋದೇ ಆದ್ರೆ ಒಂದು ತುಂಡಾದ್ರೂ 760ರ ಒಳಗೆ ಇರ್ಲೇಬೇಕು. ಅಷ್ಟರೊಳಗೆ ಅವಿಭಾಜ್ಯಗಳು 134 ಇವೆ, ಹೆದರ್ಬೇಡಿ, ಅಷ್ಟು ದೂರ ಹೋಗಲ್ಲ.

ಕೊನೆ ಅಂಕಿ 1, ಹಾಗಾಗಿ 2, 5 ಔಟ್. ಅಂಕಿಗಳನ್ನ ಕೂಡಿದ್ರೆ 22, 3 ಕೂಡ ಔಟ್.

7, 11, 13 ಮೂರನ್ನೂ ಒಂದೇ ಏಟಿಗೆ ಮುಗಿಸ್ಬಹುದು, ಯಾಕಂದ್ರೆ 7×11×13=1001. ಪಿನ್‌ನ ಹೆಂಗೂ ಮೂರು ಮೂರಾಗಿ 577 201 ಅಂತ ಬರೀತೀವಲ್ಲ (ದಾವಣಗೆರೆ 577001, ಚಿಕ್ಕಮಗಳೂರು 577101, ಮೊದಲ ಮೂರು ನಮ್ದೇ), ದೊಡ್ಡದರಲ್ಲಿ ಚಿಕ್ಕದು ಕಳೀರಿ: 376. ಅದನ್ನ 7ರಿಂದ ಭಾಗಿಸಿದ್ರೆ ಶೇಷ 5, 11ಕ್ಕೆ 2, 13ಕ್ಕೆ 12. ಯಾವ್ದೂ ಹೋಗ್ಲಿಲ್ಲ. ನನಗಾಗ್ಲೇ ಬಾಯಲ್ಲಿ ಮಂಡಕ್ಕಿ.

ಈಗ 17. ಕೊನೆ ಅಂಕಿ ಕತ್ತರಿಸಿ ಅದರ ಐದರಷ್ಟನ್ನ ಉಳಿದಿದ್ದರಲ್ಲಿ ಕಳೀತಾ ಹೋಗಿ. (ನಾನು ಮೊದಲನೇ ಸಲ ಕಳೆಯೋ ಬದ್ಲು ಕೂಡಿದ್ದೆ, ಅವಳು ಪೆನ್ ಕಿತ್ಕೊಂಡ್ಲು.)

57720−5=57715
5771−25=5746
574−30=544
54−20=34

34 ಅಂದ್ರೆ ಎರಡು 17. ಬೆಟ್ ಹೋಯ್ತು! ಯಾಕೆ ಐದೇ ಅಂದ್ರೆ, ಮೊದಲ ಸಾಲಲ್ಲಿ ನಾವು ನಿಜವಾಗಿ ಮಾಡಿದ್ದು 577201ರಲ್ಲಿ 51 ಕಳೆದು 577150 ಮಾಡಿ ಸೊನ್ನೆ ಅಳಿಸಿದ್ದು, 51 ಅಂದ್ರೆ ಮೂರು 17, ಹಾಗಾಗಿ 17ರಿಂದ ಭಾಗ ಹೋಗೋದೂ ಹೋಗದಿರೋದೂ ಬದಲಾಗಲ್ಲ.

ಭಾಗಿಸಿದ್ರೆ 33953. ಇದಕ್ಕೂ ಇನ್ನೊಂದ್ಸಲ 17 ಹಾಕಿ ನೋಡ್ಬೇಕು, ಸುಮಾರು ಜನ ಇಲ್ಲೇ ಮರೀತಾರೆ. ಶೇಷ 4, ಹೋಗಲ್ಲ. 19ಕ್ಕೆ ಕೊನೆ ಅಂಕಿಯ ಎರಡರಷ್ಟು ಕೂಡಿ: 3395+6=3401, 340+2=342, 34+4=38. ಹೋಗುತ್ತೆ! ಉಳಿದದ್ದು 1787. 43×43=1849 ಆಗೋದ್ರಿಂದ 41ರವರೆಗೆ ನೋಡಿದ್ರೆ ಸಾಕು. 19ಕ್ಕೆ ಒಂದೇ ಒಂದರಲ್ಲಿ ತಪ್ಪುತ್ತೆ, 23, 29, 31, 37, 41 ಯಾವ್ದಕ್ಕೂ ಬಗ್ಗಲ್ಲ. ಇದು ಪಕ್ಕಾ ಅವಿಭಾಜ್ಯ.

ಅಲ್ಲಿಗೆ 577201=17×19×1787. ಇದನ್ನ ನಿಶ್ಶೇಷವಾಗಿ ಭಾಗಿಸೋವು ಎಂಟೇ: 1, 17, 19, 323, 1787, 30379, 33953, ಮತ್ತೆ ತಾನೇ. ತನ್ನನ್ನ ಬಿಟ್ಟು ಉಳಿದವನ್ನ ಕೂಡಿದ್ರೆ 66479. 6ಕ್ಕೆ 1+2+3 ಸೇರಿ 6 ಬರುತ್ತಲ್ಲ, ಅಂಥದಕ್ಕೆ ಪರಿಪೂರ್ಣ ಸಂಖ್ಯೆ ಅಂತಾರೆ, ನಮ್ಮದು ಎಂಟನೇ ಒಂದು ಭಾಗಾನೂ ಮುಟ್ಟಲ್ಲ.

ಸಾಗರದೋರಿಗೆ ಇಷ್ಟು ಕಷ್ಟ ಇಲ್ಲ. 577401ರಲ್ಲಿ 577−401=176, ಹದಿನಾರು 11. ಅಂಕಿ ಕೂಡಿದ್ರೆ 24, 3ಕ್ಕೂ ಹೋಗುತ್ತೆ. ಇದನ್ನ ಅವಳು ಬಾಯಲ್ಲೇ ಮಾಡಿ ಎರಡನೇ ಪ್ಲೇಟ್ ಹೇಳಿದ್ಲು, ದುಡ್ಡು ನಂದೇ.