ಹಳೇ ಬಡಾವಣೆಯಲ್ಲಿ ಹೊಸ ಫ್ಲ್ಯಾಟ್: ಅಡ್ವಾನ್ಸ್ ಕೊಡುವ ಮುಂಚೆ ಏನೇನು ನೋಡಬೇಕು?

ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಯಲ್ಲಿ ನಾಲ್ಕು ರಸ್ತೆ ಸುತ್ತಿ ಬನ್ನಿ. ಎಲ್ಲಾದರೂ ಒಂದು ಕಡೆ ಹಸಿರು ಬಲೆ ಕಟ್ಟಿದ ಕಟ್ಟಡ ಕಂಡೇ ಕಾಣುತ್ತದೆ. ಮೊನ್ನೆಮೊನ್ನೆವರೆಗೂ ಹೆಂಚಿನ ಮನೆ ಇದ್ದ ಜಾಗ. ಅಣ್ಣತಮ್ಮಂದಿರ ಪಾಲು ಮುಗಿದು, ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಒಪ್ಪಂದ ಆಗಿರುತ್ತದೆ. ಅರ್ಧ ಫ್ಲ್ಯಾಟ್ ಮನೆಯವರಿಗೆ, ಉಳಿದರ್ಧ ಮಾರಾಟಕ್ಕೆ. 'ಗಾಂಧಿ ಬಜಾರ್‌ಗೆ ಐದೇ ನಿಮಿಷ ಸಾರ್' ಅಂದ ತಕ್ಷಣ ನಾವು ಗೋಡೆ, ಕಂಬ ನೋಡುವುದನ್ನೇ ಬಿಟ್ಟುಬಿಡುತ್ತೇವೆ. ದುಡ್ಡು ಕೊಡುವುದು ವಿಳಾಸಕ್ಕೆ, ಕಟ್ಟಡ ಹೇಗಿದ್ದರೂ ನಡೆಯುತ್ತೆ ಅನ್ನುವ ಹಾಗೆ.

ಹೊರವಲಯದ ದೊಡ್ಡ ಅಪಾರ್ಟ್‌ಮೆಂಟ್‌ಗಿಂತ ಇಲ್ಲಿ ಜಾಸ್ತಿ ಎಚ್ಚರ ಬೇಕು. ಯಾಕೆ ಅನ್ನುವುದು ಒಂದು ಸಣ್ಣ ಲೆಕ್ಕದಲ್ಲೇ ಇದೆ.

1. ಸೈಟಿನ ಅಳತೆ ಕೇಳಿ

ಫ್ಲ್ಯಾಟ್ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಬಂದದ್ದು 2016ರಲ್ಲಿ. ಅದರ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಫ್ಲ್ಯಾಟ್‌ಗಳು 8 ದಾಟದಿದ್ದರೆ ಪ್ರಾಜೆಕ್ಟಿಗೆ ರೇರಾ ನೋಂದಣಿ ಬೇಕಾಗಿಲ್ಲ. 60x40 ಸೈಟು ಅಂದರೆ ಸುಮಾರು 223 ಚದರ ಮೀಟರ್. ಸಾಕಷ್ಟು ದೊಡ್ಡದು ಅನ್ನಿಸುವ 80x60 ಕೂಡ 446ಕ್ಕೆ ನಿಲ್ಲುತ್ತದೆ. ಹಳೇ ಬಡಾವಣೆಯ ಒಂಟಿ ಸೈಟುಗಳಲ್ಲಿ ಏಳುವ ಕಟ್ಟಡಗಳಲ್ಲಿ ಬಹುಪಾಲು ನೋಂದಣಿಯಿಂದ ಹೊರಗೇ ಉಳಿಯುವುದು ಹೀಗೆ.

ನೋಂದಣಿ ಆಗಿದ್ದರೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಣುವ ಕಟ್ಟಡದ ದೋಷಕ್ಕೆ ಬಿಲ್ಡರೇ ಹೊಣೆ. ದೂರು ಕೊಟ್ಟ 30 ದಿನದೊಳಗೆ ಅವರ ಖರ್ಚಿನಲ್ಲೇ ಸರಿಮಾಡಿಸಬೇಕು. ನೋಂದಣಿ ಇಲ್ಲದಿದ್ದರೆ ಈ ರಕ್ಷಣೆ ಸಲೀಸಾಗಿ ಸಿಗುವುದಿಲ್ಲ. ಹಾಗಾಗಿ ಇದೇ ಮಾತನ್ನು, ಇದೇ 5 ವರ್ಷ ಮತ್ತು 30 ದಿನವನ್ನು, ಸೇಲ್ ಅಗ್ರಿಮೆಂಟ್‌ನಲ್ಲಿ ಬರೆಸಿ. 'ಚಿಕ್ಕ ಪ್ರಾಜೆಕ್ಟು, ಇದೆಲ್ಲ ಯಾಕೆ ಮೇಡಂ' ಅನ್ನುತ್ತಾರೆ. ಚಿಕ್ಕದು ಅಂತಲೇ ಬೇಕಿರುವುದು. ಬರೆಯಲು ಒಪ್ಪದವರ ಹತ್ತಿರ ಮಾತು ಮುಂದುವರಿಸುವುದು ನನಗಂತೂ ಸರಿ ಕಾಣುವುದಿಲ್ಲ.

2. ಹಿತ್ತಲಲ್ಲಿ ಬಾವಿ ಇತ್ತಾ?

ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಅದಕ್ಕೆ ಮುಂಚೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯಿಂದ ನೀರು ಬರುತ್ತಿದ್ದರೂ ಎಷ್ಟೋ ಮನೆಗಳ ಹಿತ್ತಲಲ್ಲಿ ಬಾವಿ ಇತ್ತು. ಆಮೇಲೆ ಅವನ್ನು ಮುಚ್ಚಿದರು. ಮುಚ್ಚಿದ್ದು ಯಾವುದರಿಂದ? ಒಡೆದ ಹೆಂಚು, ಇಟ್ಟಿಗೆ ಚೂರು, ಕಸ, ಮೇಲೆ ಒಂದಡಿ ಮಣ್ಣು. ಈಗ ಅದರ ಮೇಲೆ ಹೊಸ ಕಟ್ಟಡದ ಒಂದು ಕಂಬ ಬಂತು ಅಂದುಕೊಳ್ಳಿ. ಉಳಿದ ಕಂಬಗಳು ಗಟ್ಟಿ ಮಣ್ಣಿನ ಮೇಲೆ, ಇದೊಂದು ಭರ್ತಿಯ ಮೇಲೆ. ಮೂರ್ನಾಲ್ಕು ಮಳೆಗಾಲ ಕಳೆಯುವುದರೊಳಗೆ ಅದೊಂದು ಮೂಲೆ ಕುಸಿದು, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳಬಹುದು.

ಬಿಲ್ಡರ್‌ಗೆ ಗೊತ್ತಿಲ್ಲದಿದ್ದರೂ ಪಕ್ಕದ ಮನೆಯ ಅಜ್ಜಿಗೆ ಗೊತ್ತಿರುತ್ತದೆ. ಹೋಗಿ ಕೇಳಿ: ಬಾವಿ ಎಲ್ಲಿತ್ತು, ಹಳೇ ಕಕ್ಕಸಿನ ಗುಂಡಿ ಎಲ್ಲಿತ್ತು, ದೊಡ್ಡ ಮರ ಯಾವ ಮೂಲೆಯಲ್ಲಿತ್ತು. ಉತ್ತರವನ್ನು ಪ್ಲಾನ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ನಂತರ ಸಾಯಿಲ್ ಟೆಸ್ಟ್ ರಿಪೋರ್ಟ್ ಕೇಳಿ, ಮೊದಲು ತಾರೀಖು ನೋಡಿ. ಹಳೇ ಮನೆ ನಿಂತಿರುವಾಗಲೇ ಮುಂದಿನ ಅಂಗಳದಲ್ಲಿ ಒಂದು ತೂತು ಕೊರೆದು ಕೊಟ್ಟ ರಿಪೋರ್ಟ್, ಹಿತ್ತಲ ಬಾವಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಾವಿ ಸಿಕ್ಕಿತ್ತು ಅಂತಾದರೆ, ಸಡಿಲ ಭರ್ತಿ ತೆಗೆದು ಕಾಂಕ್ರೀಟ್ ತುಂಬಿದರೋ, ತೊಲೆ ಕೊಟ್ಟು ಅದರ ಮೇಲಿಂದ ದಾಟಿಸಿದರೋ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಬರವಣಿಗೆಯಲ್ಲಿ ಹೇಳಬೇಕು.

3. ಮಹಡಿ ಎಣಿಸಿ, ಟೇಪ್ ಹಿಡಿಯಿರಿ

ಮಂಜೂರಾದ ನಕ್ಷೆ ಕೇಳಿ. ಅದರಲ್ಲಿ ಎಷ್ಟು ಮಹಡಿ ಇದೆ, ಕಣ್ಣೆದುರಿಗೆ ಎಷ್ಟಿದೆ? ಮೇಲೊಂದು 'ಪೆಂಟ್‌ಹೌಸ್' ನಕ್ಷೆಯಲ್ಲಿ ಇಲ್ಲದೆ ಹುಟ್ಟಿಕೊಂಡಿದ್ದರೆ, ಅದರ ಭಾರವನ್ನು ಯಾರೂ ಲೆಕ್ಕ ಹಾಕಿಲ್ಲ ಅಂತಲೇ ತಿಳಿಯಿರಿ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು ಕಾರ್ಮಿಕರು ಸತ್ತರು. ಅನುಮತಿ ಮೀರಿ ಮಹಡಿ ಏರಿಸಿದ್ದರು ಅನ್ನುವುದು ಆಗ ಕೇಳಿಬಂದ ದೊಡ್ಡ ಆರೋಪ.

ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಅನ್ನು ನೀವೇ ಅಳೆಯಿರಿ. 1898ರ ಪ್ಲೇಗ್ ಆದಮೇಲೆ ಗಾಳಿ ಬೆಳಕು ಇರಲಿ ಅಂತಲೇ ಬೆಳೆಸಿದ ಬಡಾವಣೆಗಳು ಬಸವನಗುಡಿ, ಮಲ್ಲೇಶ್ವರಂ. ಅಲ್ಲೇ ಈಗ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಪಕ್ಕದವರ ಗೋಡೆ ಸಿಗುತ್ತದೆ!

ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಸಿಗುತ್ತದಾ ಕೇಳಿ. ಅದಿಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಸಾಲ ಕೊಡುವ ಬ್ಯಾಂಕು ಎಲ್ಲ ನೋಡಿರುತ್ತೆ ಬಿಡಿ ಅಂತ ಸುಮ್ನೆ ಕೂರಬೇಡಿ. ಬ್ಯಾಂಕಿನವರು ನೋಡುವುದು ಕಾಗದ ಮತ್ತು ಬೆಲೆ. ಕಂಬಿ ನೋಡುವುದಿಲ್ಲ.

4. ಪ್ಲಾಸ್ಟರಿಂಗ್‌ಗೆ ಮುಂಚೆ ಹೋಗಿ

ಗಾರೆ ಬಳಿದ ಮೇಲೆ ಎಲ್ಲ ಕಂಬವೂ ಚೆಂದವೇ. ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟಿದ ಹಲಗೆ, ಆಸರೆ) ಬಿಚ್ಚಿದ ಒಂದೆರಡು ದಿನದಲ್ಲಿ ಹೋಗಿ. ಕಂಬದ ಬುಡ ನೋಡಿ. ಜಲ್ಲಿ ಮಾತ್ರ ಕಂಡು ನಡುವೆ ತೂತು ತೂತಾಗಿದ್ದರೆ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಹಾಕಿಲ್ಲ. ಮೇಸ್ತ್ರಿ ಸಿಮೆಂಟ್ ಹಾಲು ಬಳಿದು ಮುಚ್ಚಿಬಿಡುತ್ತಾನೆ, ಒಳಗೆ ತೂತು ಹಾಗೇ ಇರುತ್ತದೆ.

ಕಂಬಿ ಎಲ್ಲಾದರೂ ಹೊರಗೆ ಇಣುಕುತ್ತಿದೆಯಾ? ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮಾಮೂಲಿ ಕಂಬದಲ್ಲಿ ಕಂಬಿಯ ಮೇಲೆ 40 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು. ಅದಕ್ಕೆ ಅಳತೆಯ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ಹಲಗೆಯಿಂದ ದೂರ ಹಿಡಿಯುವ ಸಣ್ಣ ತುಂಡು, ಕಟ್ಟಬೇಕು. ಸಣ್ಣ ಸೈಟುಗಳಲ್ಲಿ ಕೈಗೆ ಸಿಕ್ಕ ಜಲ್ಲಿ ಕಲ್ಲನ್ನು ಕಂಬಿ ಕೆಳಗೆ ತುರುಕುವುದುಂಟು. ಮೋಲ್ಡ್ ಹಾಕುವಾಗ ಅದು ಜಾರುತ್ತದೆ. ತೇವ ಕಂಬಿಗೆ ತಾಗಿ ತುಕ್ಕು ಹಿಡಿದರೆ ಕೆಲವು ವರ್ಷಕ್ಕೆ ಸೀಲಿಂಗ್ ಉದುರಲು ಶುರು.

ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ನೀರುಣಿಸುವುದು, ಸರಿಯಾಗಿ ಆಗುತ್ತಿದೆಯಾ ಅಂತ ಪತ್ತೆ ಹಚ್ಚುವುದು ಸುಲಭ. ಒಳ್ಳೇ ಸೈಟಿನಲ್ಲಿ ಕಂಬದ ಮೇಲೆ ಕಾಂಕ್ರೀಟ್ ಹಾಕಿದ ತಾರೀಖು ಬರೆದಿರುತ್ತಾರೆ, ಒದ್ದೆ ಗೋಣಿಚೀಲ ಸುತ್ತಿರುತ್ತಾರೆ. ಪಿಪಿಸಿ (ಸಾಮಾನ್ಯವಾಗಿ ಹಾರುಬೂದಿ ಬೆರೆತ) ಸಿಮೆಂಟಾದರೆ ಕನಿಷ್ಠ 10 ದಿನ ಒದ್ದೆ ಇರಬೇಕು. ಸಿಮೆಂಟ್ ಚೀಲದ ಮೇಲೇ ಪಿಪಿಸಿಯೋ ಅಲ್ಲವೋ ಅಂತ ಇರುತ್ತದೆ, ಓದಿ. ಹೇಳದೆ ಕೇಳದೆ ಮಧ್ಯಾಹ್ನ ಹೋಗಿ ಚೀಲ ಮುಟ್ಟಿ ನೋಡಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಹೋಗುತ್ತೆ ಅಂತ ಮೊದಲು ಉಳಿಸುವುದು ಇಲ್ಲೇ. ಜೊತೆಗೆ 28 ದಿನದ ಕ್ಯೂಬ್ ಟೆಸ್ಟ್ (ಕಾಂಕ್ರೀಟಿನ ಗಟ್ಟಿತನದ ಪರೀಕ್ಷೆ) ರಿಪೋರ್ಟ್ ಕೇಳಿ. ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ರಾಶಿಯಿಂದ ಒಂದು ಹಿಡಿ ತೆಗೆದು ಉಜ್ಜಿ. ಕೈ ತುಂಬ ಬೂದಿಯಂಥ ಪುಡಿ ಅಂಟಿದರೆ ಕ್ರಷರ್ ಡಸ್ಟ್ ಬೆರೆಸಿರುವ ಅನುಮಾನ ಇಟ್ಟುಕೊಳ್ಳಿ.

5. ಮುಗಿದ ಫ್ಲ್ಯಾಟ್ ಆದರೆ

ಮಳೆ ಬಂದ ಮಾರನೇ ದಿನ ಟೆರೇಸ್ ಹತ್ತಿ, ನೀರು ನಿಂತಿದೆಯಾ ನೋಡಿ. ಬಾತ್‌ರೂಮ್ ನೆಲದಲ್ಲಿ ಒಂದು ದಿನ ನೀರು ಕಟ್ಟಿ, ಕೆಳಗಿನ ಮನೆಯ ಸೀಲಿಂಗ್ ನೋಡಿ. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ, ಟೊಳ್ಳು ಶಬ್ದ ಬಂದಲ್ಲಿ ಗುರುತು ಹಾಕಿ. ಕೂದಲೆಳೆ ಬಿರುಕು ಪ್ಲಾಸ್ಟರಿಂಗ್‌ದು, ಅಷ್ಟೇನೂ ಚಿಂತೆಯಿಲ್ಲ. ತೊಲೆ ಮತ್ತು ಬ್ಲಾಕ್ ಸೇರುವಲ್ಲಿ ನೇರ ಗೆರೆ ಬಿಟ್ಟಿದ್ದರೆ ಅಲ್ಲಿ ಪ್ಲಾಸ್ಟರಿಂಗ್ ಒಳಗೆ ಮೆಶ್ (ಬಲೆ) ಹಾಕಿಲ್ಲ. ರಿಪೇರಿ ಆಗುತ್ತದೆ, ಕಿರಿಕಿರಿ ತಪ್ಪದು. ಓರೆ ಬಿರುಕು, ಕಂಬ ತೊಲೆಗಳ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ, ಬಿಲ್ಡರ್‌ಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್‌ನ ಕರೆಸಿ. ಅವರ ಫೀಸು ಫ್ಲ್ಯಾಟಿನ ಬೆಲೆಯ ಎದುರು ಏನೂ ಅಲ್ಲ.

ಕೊನೇ ಕಂತನ್ನು ಓಸಿ ಕೈಗೆ ಬಂದ ಮೇಲೆ ಕೊಡುವ ಹಾಗೆ ಅಗ್ರಿಮೆಂಟ್ ಇರಲಿ. ದೋಷಗಳ ಪಟ್ಟಿಯನ್ನು ಫೋಟೋ ಸಮೇತ ಇಮೇಲ್ ಮಾಡಿ. ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ರೇರಾ ನೋಂದಣಿ ಇಲ್ಲದಿದ್ದರೂ ಇದೆ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ 50 ಲಕ್ಷ ದಾಟಿ 2 ಕೋಟಿಯೊಳಗಿದ್ದರೆ ಜಿಲ್ಲಾ ಆಯೋಗವಲ್ಲ, ರಾಜ್ಯ ಆಯೋಗ.

6. ಪಕ್ಕದ ಹಳೇ ಮನೆ ನಿಮ್ಮದಾಗಿದ್ದರೆ

ಹಳೇ ಮನೆಗಳಿಗೆ ಕಂಬವಿಲ್ಲ. ಗೋಡೆಯೇ ಭಾರ ಹೊರುತ್ತದೆ, ಕೆಳಗೆ ಸೈಜುಗಲ್ಲಿನ ಪಾಯ, ಅದೂ ಆಳವಿಲ್ಲ. ಪಕ್ಕದಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಕಾಂಪೌಂಡಿಗೆ ಅಂಟಿಕೊಂಡೇ ಜೆಸಿಬಿ ನೆಟ್ಟಗೆ ಅಗೆದರೆ, ನಿಮ್ಮ ಪಾಯದ ಕೆಳಗಿನ ಮಣ್ಣು ಆ ಕಡೆ ಜಾರುತ್ತದೆ. ಮಳೆಗಾಲದಲ್ಲಿ ಇನ್ನೂ ಬೇಗ.

ಅಗೆತ ಶುರುವಾಗುವ ಮುಂಚೆ ಮನೆಯ ಪ್ರತಿ ಗೋಡೆ, ಮೂಲೆ, ಮೊದಲೇ ಇರುವ ಬಿರುಕು ಎಲ್ಲವನ್ನೂ ತಾರೀಖು ಬರುವ ಹಾಗೆ ವಿಡಿಯೊ ಮಾಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಗೆರೆ ದಾಟಿ ಬೆಳೆದರೆ ಗೊತ್ತಾಗುತ್ತದೆ. ಗುಂಡಿಯ ಬದಿಗೆ ಆಸರೆ ಕೊಡಬೇಕು, ಇಡೀ ಉದ್ದ ಒಮ್ಮೆಗೇ ತೆರೆಯದೆ ತುಂಡು ತುಂಡಾಗಿ ಅಗೆಯಬೇಕು ಅಂತ ಬಿಲ್ಡರ್‌ಗೆ ಪತ್ರ ಕೊಡಿ. ಅದರ ಪ್ರತಿಯನ್ನು ಪಾಲಿಕೆಯ ಕಚೇರಿಗೂ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬನ್ನಿ.