ನಿಮ್ಮ ಮನಸ್ಸಿನಲ್ಲಿ ಈ ಕಾಯಿಲೆ ಹೇಗಿದೆ?

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಅದಾಗಿ ಕೆಲವೇ ವಾರಗಳಲ್ಲಿ ನಾನು ಫೋನ್‌ನಲ್ಲಿ ಕೌನ್ಸೆಲಿಂಗ್ ಶುರು ಮಾಡಿದೆ. ಮೊದಲ ತಿಂಗಳು ನಾನು ಮಾಡಿದ್ದೆಲ್ಲ ಬರೀ ಮಾಹಿತಿ ಕೊಡುವ ಕೆಲಸ. ಕೈ ತೊಳೆಯಿರಿ, ದೂರ ಇರಿ, ಸುದ್ದಿ ಜಾಸ್ತಿ ನೋಡಬೇಡಿ. ಜನ "ಸರಿ ಮೇಡಂ" ಎಂದು ಫೋನ್ ಇಡುತ್ತಿದ್ದರು. ಮಾರನೇ ದಿನ ಅದೇ ದನಿ, ಅದೇ ನಡುಕ.

ಒಬ್ಬ ಹೆಂಗಸು ದಿನಕ್ಕೆ ಮೂವತ್ತು ಸಲ ಕೈ ತೊಳೆಯುತ್ತಿದ್ದರು. ಚರ್ಮ ಬಿರಿದು ರಕ್ತ ಬರುತ್ತಿತ್ತು. "ಇಷ್ಟೊಂದು ಬೇಡ" ಎಂದು ನಾನು ಹೇಳಿದಷ್ಟೂ ಅವರ ಭಯ ಹೆಚ್ಚಾಯಿತು.

ಆಗ ನನಗೆ ಹಿಂದೆ ಓದಿದ್ದೊಂದು ನೆನಪಾಯಿತು. ಹೊವಾರ್ಡ್ ಲೆವೆಂಥಾಲ್ ಎಂಬ ಮನಶ್ಶಾಸ್ತ್ರಜ್ಞರ ವಿಚಾರ ಅದು. ಕಾಯಿಲೆ ಎದುರಾದಾಗ ನಾವೆಲ್ಲ ಮನಸ್ಸಿನಲ್ಲಿ ಅದರದೊಂದು ಚಿತ್ರ ಮಾಡಿಕೊಳ್ಳುತ್ತೇವೆ. ಇದು ಏನು, ಯಾಕೆ ಬಂತು, ಎಷ್ಟು ದಿನ ಇರುತ್ತೆ, ನನ್ನನ್ನು ಏನು ಮಾಡುತ್ತೆ, ನನ್ನ ಕೈಲಿ ಏನಾದರೂ ಆಗುತ್ತಾ? ನಮ್ಮ ಭಯವೂ ನಡವಳಿಕೆಯೂ ಆ ಚಿತ್ರದಿಂದ ಹುಟ್ಟುತ್ತವೆ. ನಾನು ಯಾರ ಚಿತ್ರವನ್ನೂ ಕೇಳಿರಲೇ ಇಲ್ಲ.

ಇದನ್ನು ಅಳೆಯಲು 2006ರಲ್ಲಿ ಒಂದು ಪುಟ್ಟ ಪ್ರಶ್ನಾವಳಿ ಬಂದಿದೆ. ಎಂಟು ಪ್ರಶ್ನೆ, ಒಂದೊಂದಕ್ಕೂ 0ಯಿಂದ 10ರೊಳಗೆ ಅಂಕ. ಒಂಬತ್ತನೆಯದಕ್ಕೆ ಅಂಕವಿಲ್ಲ. ಕಾಯಿಲೆಗೆ ಮುಖ್ಯ ಕಾರಣ ಎಂದು ನಿಮಗೆ ಅನ್ನಿಸುವ ಮೂರನ್ನು ಹೇಳಬೇಕು, ಅಷ್ಟೇ. ಅದು ರೋಗಿಗಳಿಗಾಗಿ ಮಾಡಿದ್ದು. ಕಾಯಿಲೆ ಬಾರದವರಿಗೂ ಹೊಂದುವಂತೆ ನಾನು ಆಡುಮಾತಿಗೆ ಇಳಿಸಿಕೊಂಡೆ. ಅಂಕ ಕೂಡಿಸಿ ತೀರ್ಪು ಕೊಡಲಿಲ್ಲ, ಮಾತು ಎಲ್ಲಿಂದ ಶುರು ಮಾಡಬೇಕು ಅಂತ ನೋಡಿಕೊಂಡೆ.

ಆ ಹೆಂಗಸನ್ನು ಕೇಳಿದೆ. ಎಷ್ಟು ದಿನ ಇರುತ್ತೆ? 10, ಮುಗಿಯೋದೇ ಇಲ್ಲ. ನಿಮ್ಮ ಕೈಲಿ ಎಷ್ಟು ತಡೆಯೋಕಾಗುತ್ತೆ? 0. ಅಲ್ಲೇ ನಿಲ್ಲಿಸಿದೆ. "ಸೊನ್ನೆ ಅಂತೀರಿ, ಆದರೂ ಅಷ್ಟು ಸಲ ಕೈ ತೊಳೀತೀರಲ್ವಾ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, "ತೊಳೆದರೂ ಹೋಯಿತು ಅನ್ನಿಸಲ್ಲ ಮೇಡಂ. ಅದಕ್ಕೇ ಮತ್ತೆ ತೊಳೀತೀನಿ."

ನಾನು ಇಷ್ಟು ದಿನ "ಕಡಿಮೆ ಮಾಡಿ" ಎಂದಿದ್ದು ಅವರಿಗೆ ಹೇಗೆ ಕೇಳಿಸಿರಬಹುದು ಅಂತ ಆಗ ತಿಳಿಯಿತು. ಈ ವೈರಸ್ಸಿನ ಮೇಲೆ ಕೊಬ್ಬಿನ ಪದರ ಇದೆ, ಸೋಪು ಅದನ್ನು ಒಡೆಯುತ್ತೆ, 20 ಸೆಕೆಂಡು ಉಜ್ಜಿದರೆ ಸಾಕು ಎಂದು ನಿಧಾನವಾಗಿ ವಿವರಿಸಿದೆ. ಯಾವ ಯಾವ ಹೊತ್ತಿನಲ್ಲಿ ತೊಳೆಯಬೇಕು ಅಂತ ಇಬ್ಬರೂ ಸೇರಿ ಗೊತ್ತು ಮಾಡಿದೆವು. ಎರಡು ವಾರದ ಮೇಲೆ ಸೊನ್ನೆ 4 ಆಗಿತ್ತು. ಕೈಯ ಗಾಯ ಒಣಗಿತ್ತು. ಆ ಅಂಕವನ್ನು 10 ಮಾಡಲು ನಾನು ಹೋಗಲಿಲ್ಲ. ಪಿಡುಗಿನ ನಡುವೆ ಎಲ್ಲವೂ ನನ್ನ ಹಿಡಿತದಲ್ಲಿದೆ ಅಂದುಕೊಳ್ಳುವುದೂ ಸುಳ್ಳೇ ಅಲ್ವಾ?

ಇನ್ನೊಬ್ಬ ಹುಡುಗ ಮಾಸ್ಕನ್ನೇ ಹಾಕುತ್ತಿರಲಿಲ್ಲ. ಚಿಂತೆ ಎಷ್ಟು? 0. ಅವನನ್ನು ಹೆದರಿಸಿ ಎಂದು ಮನೆಯವರ ಒತ್ತಾಯ. ಆದರೆ "ಕಾಯಿಲೆ ಎಷ್ಟು ಅರ್ಥವಾಗಿದೆ" ಎಂಬುದಕ್ಕೂ ಅವನು 0 ಕೊಟ್ಟಿದ್ದ. "ದಿನಕ್ಕೊಂದು ಹೇಳ್ತಾರೆ, ತಲೆ ಕೆಡುತ್ತೆ, ಬಿಟ್ಟುಬಿಟ್ಟೆ." ಅವನದು ಉಡಾಫೆ ಅಂತ ನನಗೆ ಅನ್ನಿಸಲಿಲ್ಲ. ದಣಿದಿದ್ದ. 1965ರಲ್ಲಿ ಲೆವೆಂಥಾಲ್ ಮತ್ತು ಜೊತೆಗಾರರು ವಿದ್ಯಾರ್ಥಿಗಳ ಮೇಲೆ ಧನುರ್ವಾಯು ಲಸಿಕೆಯ ಪ್ರಯೋಗ ಮಾಡಿದ್ದರು. ಬರೀ ಹೆದರಿಸಿದಾಗ ಹೋಗಿ ಚುಚ್ಚಿಸಿಕೊಂಡವರು ತೀರಾ ಕಡಿಮೆ. ಎಲ್ಲಿಗೆ, ಯಾವಾಗ ಹೋಗಬೇಕು ಅಂತ ನಕ್ಷೆ ಕೊಟ್ಟು ಸಮಯ ಗೊತ್ತುಮಾಡಿಸಿದಾಗ ಹೋದವರು ಜಾಸ್ತಿ. ಹಾಗಾಗಿ ಈ ಹುಡುಗನಿಗೆ ಸಾವಿನ ಲೆಕ್ಕ ಹೇಳಲಿಲ್ಲ. ಮಾಸ್ಕನ್ನು ಬೀಗದ ಕೈ ಜೊತೆ ಒಂದೇ ಮೊಳೆಗೆ ನೇತುಹಾಕಲು ಹೇಳಿದೆ. ಹಾಕಿದ.

ಎಲ್ಲರಿಗೂ ಇದು ಸಾಕಾಗಲಿಲ್ಲ. ನಿದ್ದೆ ಪೂರ್ತಿ ಬಿಟ್ಟವರನ್ನು, ಸಾಯುವ ಮಾತಾಡಿದವರನ್ನು ತಡ ಮಾಡದೆ ಮನೋವೈದ್ಯರ ಹತ್ತಿರ ಕಳಿಸಿದೆ.

ಒಂಬತ್ತನೇ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಿದ್ದು 2021ರಲ್ಲಿ. ಒಬ್ಬರು ತಾಯಿಯನ್ನು ಕಳೆದುಕೊಂಡಿದ್ದರು. ಅವರಿಗೂ ಸೋಂಕು ಬಂದು ವಾಸಿಯಾಗಿತ್ತು. ಮೂರು ಕಾರಣ ಹೇಳಿ ಅಂದೆ. "ನಾನು. ನಾನು ಆಫೀಸಿಗೆ ಹೋಗಿದ್ದು. ನಾನು ಅಮ್ಮನ ಹತ್ತಿರ ಕೂತಿದ್ದು." ನಿಮ್ಮ ತಪ್ಪಲ್ಲ ಅಂತ ಹೇಳಲು ಬಾಯಿಗೆ ಬಂತು, ನುಂಗಿಕೊಂಡೆ. ಅವರಿಗೆ ಅದನ್ನು ಆಗಲೇ ಎಲ್ಲರೂ ಹೇಳಿದ್ದರು.

ಮುಂದಿನ ನಾಲ್ಕು ಮಾತುಕತೆಗಳಲ್ಲಿ, ಮನೆಯಲ್ಲಿ ಕಾಯಿಲೆ ಕಾಣಿಸುವ ಮುಂಚಿನ ಎರಡು ವಾರಗಳನ್ನು ದಿನ ದಿನವಾಗಿ ನೋಡಿದೆವು. ಸೋಂಕು ತಗಲಿ ಲಕ್ಷಣ ಕಾಣಲು 2ರಿಂದ 14 ದಿನ ಹಿಡಿಯಬಹುದು, ಲಕ್ಷಣವಿಲ್ಲದವರಿಂದಲೂ ಹರಡಬಹುದು. ಮನೆಗೆ ಬಂದುಹೋದವರು ಆರು ಜನ. ಮೊದಲು ಜ್ವರ ಬಂದಿದ್ದು ಯಾರಿಗೆ ಎಂಬುದೇ ಗಟ್ಟಿಯಾಗಿ ನೆನಪಿರಲಿಲ್ಲ. ಕೊನೆಗೊಂದು ದಿನ ಅದೇ ಪ್ರಶ್ನೆ ಮತ್ತೆ ಕೇಳಿದೆ. "ಗಾಳಿ" ಎಂದರು. ಆಮೇಲೆ, "ಮುಚ್ಚಿದ ಕಿಟಕಿ." ಮೂರನೆಯದಕ್ಕೆ ತುಂಬ ಹೊತ್ತು ತೆಗೆದುಕೊಂಡು "ನಾನೂ ಇರಬಹುದು" ಎಂದರು.