ಗೋಡೆ ಜಿಗಿದದ್ದನ್ನು ಎಣಿಸಿದ ಕಥೆ

ಕಬ್ಬಿಣದೊಳಗೆ ಕಾಂತತೆ ಜಿಗಿಯುವುದನ್ನು ಜರ್ಮನ್ ವಿಜ್ಞಾನಿ ಬಾರ್ಕ್‌ಹೌಸನ್ 1919ರಲ್ಲಿ ಕಿವಿಯಿಂದ ಹಿಡಿದರು. ಕಬ್ಬಿಣಕ್ಕೆ ತಂತಿ ಸುತ್ತಿ, ಆಂಪ್ಲಿಫೈಯರ್ ಜೋಡಿಸಿ, ಅಯಸ್ಕಾಂತವನ್ನು ನಿಧಾನಕ್ಕೆ ಹತ್ತಿರ ತಂದರೆ ಚರಚರ ಸದ್ದು. ಕಾಂತತೆ ನುಣ್ಣಗೆ ತಿರುಗುವುದಿಲ್ಲ, ತಡೆದು ತಡೆದು ಜಿಗಿಯುತ್ತೆ.

ಪುಣೆಯ ಲ್ಯಾಬಿನಲ್ಲಿ ನಾನು ಅದನ್ನು ಕಣ್ಣಿಂದ ನೋಡಿದೆ. ಗಾಜಿನ ಮೇಲೆ 25 ನ್ಯಾನೋಮೀಟರ್ ಕೋಬಾಲ್ಟ್ ಪದರ, ಮೇಲೆ ಕೆರ್ ಮೈಕ್ರೋಸ್ಕೋಪು, ಅಂದರೆ ಕಾಂತತೆಯ ದಿಕ್ಕನ್ನು ಬೆಳಕಿನಿಂದ ತೋರಿಸುವ ಮೈಕ್ರೋಸ್ಕೋಪು. ಕಾಂತತೆ ತಿರುಗಿದ ಜಾಗ ಕಪ್ಪಗೆ, ತಿರುಗದ್ದು ಬೆಳ್ಳಗೆ ಕಾಣುತ್ತೆ. ಒಂದೇ ದಿಕ್ಕಿನ ಕಾಂತತೆಯ ಜಾಗಕ್ಕೆ ಡೊಮೇನ್ ಅಂತಾರೆ, ಎರಡರ ನಡುವಿನ ಗೆರೆಯೇ ಡೊಮೇನ್ ಗೋಡೆ. ಒಂದರ ಹಿಂದೊಂದು ಬಂದ ಎರಡು ಚಿತ್ರ ಕಳೆದರೆ ಉಳಿಯುವ ಮಚ್ಚೆಯೇ ಒಂದು ಜಿಗಿತ. ಅದರ ಪಿಕ್ಸೆಲ್ ಎಣಿಸುವುದು, ಅಷ್ಟೇ ಕೆಲಸ.

ಅಷ್ಟೇ ಅಂದುಕೊಂಡಿದ್ದೆ! ಸಣ್ಣ ಜಿಗಿತ ಜಾಸ್ತಿ, ದೊಡ್ಡದು ಕಮ್ಮಿ. ಯಾವ ಗಾತ್ರದ್ದು ಎಷ್ಟು ಅಂತ ಲಾಗ್ ಗ್ರಾಫಿನಲ್ಲಿ (ಎರಡೂ ಅಕ್ಷ ಹತ್ತು ಪಟ್ಟಿನ ಹೆಜ್ಜೆಯಲ್ಲಿ ಏರುವ ಗ್ರಾಫಿನಲ್ಲಿ) ಹಾಕಿದರೆ ನೇರ ಗೆರೆ ಬರಬೇಕು. ಇಂಥ ತೆಳು ಪದರಕ್ಕೆ ಇಳಿಜಾರು ಸುಮಾರು 1.33 ಇರಬೇಕು ಅನ್ನುತ್ತೆ ಸಿದ್ಧಾಂತ. ನನ್ನ ಗೆರೆಯ ಮಧ್ಯದಲ್ಲಿ ಒಂದು ಗೂನು ಬಂತು. ನಾಲ್ಕು ದಿನ ಹೊಸದೇನೋ ಸಿಕ್ಕಿತು ಅಂತ ಹಿಗ್ಗಿದೆ.

ಲ್ಯಾಬಿನಲ್ಲಿ ಧಾರವಾಡದ ಅಕ್ಕ ಒಬ್ಬರಿದ್ದರು. ಗ್ರಾಫ್ ನೋಡಿ, ‘ತಮ್ಮಾ, ಕರೆಂಟ್ ಹೆಂಗ ಏರಸ್ತೀ ನೋಡೀ ಏನು?’ ಅಂದರು. ನೋಡಿದೆ. ಅಯಸ್ಕಾಂತದ ಸುರುಳಿಗೆ ನಮ್ಮ ಪವರ್ ಸಪ್ಲೈ ಕೊಡುವ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಒಂದೊಂದು ಮೆಟ್ಟಿಲಿಗೂ ನಾಲ್ಕೈದು ಜಿಗಿತ ಒಟ್ಟಿಗೇ ಆಗಿ, ಒಂದೇ ದೊಡ್ಡ ಮಚ್ಚೆಯಾಗಿ ಕಾಣುತ್ತಿತ್ತು. ನಾಚಿಕೆಯಾಯ್ತು.

ಆಮೇಲೆ ಕರೆಂಟ್ ಏರಿಸುವುದನ್ನೇ ಬಿಟ್ಟೆ. ಫೀಲ್ಡನ್ನು (ಸುರುಳಿಯ ಕಾಂತಕ್ಷೇತ್ರವನ್ನು) ಕಾಂತತೆ ತಿರುಗುವ ಮಟ್ಟಕ್ಕಿಂತ ಚೂರು ಕಮ್ಮಿ ಇಟ್ಟು ಸುಮ್ನೆ ಕಾದೆ. ಕೋಣೆಯ ಶಾಖವೇ ಸಾಕು, ಗೋಡೆ ತಾನಾಗಿ ಜಿಗಿಯುತ್ತೆ. ಮಿನಿಟುಗಟ್ಟಲೆ ಏನೂ ಇಲ್ಲ, ಥಟ್ಟನೆ ಅಂಗೈಯಷ್ಟು ಪರದೆ ಕಪ್ಪು. ಫ್ಯಾನ್ ಆರಿಸಲೇಬೇಕು, ಇಲ್ಲದಿದ್ದರೆ ಚಿತ್ರ ನಡುಗಿ ಸುಳ್ಳು ಮಚ್ಚೆ ಬೀಳುತ್ತೆ. ಮೇ ತಿಂಗಳ ಪುಣೆಯಲ್ಲಿ ಫ್ಯಾನಿಲ್ಲದೆ ಕೂರುವುದು ಹೇಗಿರುತ್ತೆ ಅಂತ ಗೊತ್ತಲ್ವಾ?

ಇನ್ನೊಂದು ಮೋಸ ಅಂಚಿನಲ್ಲಿತ್ತು. ಚಿತ್ರದಾಚೆ ಓಡಿದ ದೊಡ್ಡ ಜಿಗಿತದ ತುಂಡು ಮಾತ್ರ ಎಣಿಕೆಗೆ ಸಿಗುತ್ತಿತ್ತು. ಅಂಚು ಮುಟ್ಟಿದ್ದನ್ನೆಲ್ಲ ತೆಗೆದುಹಾಕಿದೆ. ಆಗ ಗೆರೆಯ ಬಾಲ ಬಾಗಿತು, ಇಳಿಜಾರನ್ನು ಮಧ್ಯದ ಭಾಗದಿಂದಷ್ಟೇ ತೆಗೆದೆ. ಆರು ನೂರು ಸಲ ಮಾಡಿದ ಮೇಲೆ 1.3ರ ಹತ್ತಿರ ಬಂತು. ಮೂರನೇ ಅಂಕಿ ಹೇಳುವ ಧೈರ್ಯ ನನಗಿಲ್ಲ.

ಅದೇ ಜಾಗ, ಅದೇ ಫೀಲ್ಡು. ಆದರೂ ಎರಡು ಸಲ ಒಂದೇ ಥರ ಜಿಗಿದದ್ದನ್ನು ನಾನು ನೋಡಲೇ ಇಲ್ಲ.